ಬೀಗದ ಕೈ

ಮೊರೆಕ್ಯಾಂಬಿನ ಲಾಂಡ್ರಿಯಲ್ಲಿ, ಮೂರನೇ ಡ್ರೈಯರಿನ ಹೊಟ್ಟೆಯಿಂದ
ಹೆಟ್ಟಿ ಹೆಕ್ಕಿದ್ದು: ಒಂಟಿ ಕಾಲುಚೀಲ, ಒಂದು ಹಿತ್ತಾಳೆ ಕೀಲಿ.
ಫೋನಿನ ಮುಂದೆ ಹಿಡಿದು ಕೇಳಿದಳು, 'ಯಾವ ಬಾಗಿಲಿಂದೋ ಇದು?'
ಅಷ್ಟಕ್ಕೇ ಆರು ಸೆಕೆಂಡು ಮುಗಿಯಿತು.
ಹಾಗೆ ಶುರುವಾಯಿತು ನಮ್ಮ ಸಿನಿಮಾ.

ಕಥೆ ಇಲ್ಲ, ಬರೆದ ಮಾತಿಲ್ಲ, ಕೇಳಿ ಮಾಡುವಂತಿಲ್ಲ,
ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು, ರಾತ್ರಿ ಹನ್ನೆರಡರೊಳಗೆ.
ಅಂತ್ಯಾಕ್ಷರಿಯ ಹಾಗೆ, ಅಂದೆ. ಯಾರಿಗೂ ತಿಳಿಯಲಿಲ್ಲ.
'ಒಂದು ಹಾಡಿನ ಬಾಲ ಹಿಡಿದು ಇನ್ನೊಂದು ಹಾಡು.'
'ಬಾಲ ಹಿಡಿದರೆ ಕಚ್ಚುತ್ತದಲ್ಲ,' ಅಂದ ಓಲೆಕ್.
ಕಚ್ಚಲಿ, ಅಂದೆವು.

ಆರು ಸೆಕೆಂಡೆಂದರೆ ಎಷ್ಟು?
ಕಾದ ಎಣ್ಣೆಗೆ ಬಿದ್ದ ಸಾಸಿವೆ
ಸಿಡಿಯಲೋ ಬೇಡವೋ ಎಂದು ಯೋಚಿಸುವಷ್ಟು.
ಒಂದು ಸೀನು ಬರುತ್ತೇನೆಂದು ಹೆದರಿಸಿ
ಬಾರದೆ ಹೋಗುವಷ್ಟು. ಎರಡೂ ಅರ್ಥದ ಸೀನು.

ಡೆನ್ಜಿಲ್ ಮೀನಂಗಡಿಯವನು. ಕೀಲಿಯನ್ನು
ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟ,
ಜಾಲರಿಯಲ್ಲಿ ಎತ್ತಿದಾಗ ಬಜ್ಜಿ.
ಓಲೆಕ್‌ಗೆ ಅದು ಸಿಕ್ಕಿದ್ದು ಕೊನೆಯ ಬಸ್ಸಿನ
ಹಿಂದಿನ ಸೀಟಿನಲ್ಲಿ, ಕಾಗದದ ಪೊಟ್ಟಣದಲ್ಲಿ, ಬಿಸಿಯಾಗಿ.
ಡ್ರೈವರನ ಟೋಪಿ ತೆಗೆದ, ಕಚ್ಚಿದ, ದವಡೆ ಹಿಡಿದು ಕೂತ.
ನಟನೆ ಅಂದುಕೊಂಡು ಎಷ್ಟು ನಕ್ಕೆವು!
ಮಾರನೆಯ ದಿನ ಹಲ್ಲಿನ ಡಾಕ್ಟರ ಬಿಲ್ಲು ತೋರಿಸಿದ.

ನನ್ನ ಸರದಿ. ನಾನು ಇರುಳ ಪಾಳಿಯ ದಾದಿ,
ವಯಸ್ಸಾದವರನ್ನು ಮಗ್ಗುಲಾಗಿಸುವುದು ನನ್ನ ಕಸುಬು.
ಹನ್ನೊಂದನೇ ಕೋಣೆಯ ಮಿಸೆಸ್ ಪೈ
(ನಮ್ಮ ಮಂಗಳೂರಿನ ಪೈ ಅಲ್ಲ)
ಸುಮ್ಮನೆ ಹಿನ್ನೆಲೆಗೆ ಇರಲಿ ಎಂದಿದ್ದೆ.
ಅವಳೋ ಕೀಲಿ ಕಂಡದ್ದೇ ತಡ, ಕಸಿದು ಸ್ವೆಟರಿನ ಜೇಬಿಗಿಳಿಸಿ
'ಕೊನೆಗೂ ತಂದೆಯಾ, ಕಳ್ಳಿ!'
ಕಟ್ ಎನ್ನಲು ಸಮಯವೆಲ್ಲಿ? ಆಯಿತಲ್ಲ ಆರು.
ಮಲಗಿದ ಮೇಲೆ ಜೇಬಿಗೆ ಕೈಹಾಕಿ ತೆಗೆದೆ.
ಅಲ್ಲಿಂದ ನಿಜವಾಗಿಯೂ ಕಳ್ಳಿಯೇ.

ಮೂರು ವಾರ ಓಡಿದೆ. ಬಿಂಗೋ ಹಾಲಿನ ಹಿಂದೆ,
ಬಾಡಿಗೆಗಿಟ್ಟ ಖಾಲಿ ಹೋಟೆಲಿನ ಮೆಟ್ಟಿಲ ಮೇಲೆ,
ಕೊಲ್ಲಿಯ ನೀರು ಮೈಲಿಗಟ್ಟಲೆ ಹಿಂದೆ ಸರಿದು
ಬರೀ ಕೆಸರು ಮಿರುಗುವ ಹೊತ್ತು ಕಲ್ಲಿನ ಜೆಟ್ಟಿಯ ಮೇಲೆ.
ಬೆನ್ನಟ್ಟಿದವರು ಮೂವರೂ ಸಂಬಳದ ದಿನ ನಿಂತು ಚಹಾ ಕುಡಿದರು.
ಮೂವತ್ತೊಂಬತ್ತನೆಯದರಲ್ಲಿ ಡೆನ್ಜಿಲ್
ಕೀಲಿಯನ್ನು ಚಿಪ್ಸಿನ ಪಕ್ಕ ಇಟ್ಟ, ಪುಣ್ಯಾತ್ಮ.
ಐದನೇ ಸೆಕೆಂಡಿಗೆ ಕೊಕ್ಕು,
ಆರಕ್ಕೆ ಆಕಾಶ.
ಚಿಪ್ಸೂ ಹೋಯಿತು, ಕೀಲಿಯೂ. ಇದಕ್ಕಿಂತ ಒಳ್ಳೆಯ ಕೊನೆ
ನಮ್ಮಲ್ಲಿ ಯಾರು ಬರೆಯುತ್ತಿದ್ದರು?

ಸೋಮವಾರ ಹೆಟ್ಟಿ ತೆಗೆಯುತ್ತಿದ್ದಳು ನಲವತ್ತನೆಯದನ್ನು:
ಖಾಲಿ ಡ್ರಮ್ಮು, ಸುತ್ತು, ಸುತ್ತು, ಅಷ್ಟೇ.
ಬಾಗಿಲು ತಳ್ಳಿ ಬಂದವನ ತಲೆ ಒದ್ದೆ, ಕೋಟಿನ ಒಂದು ಗುಂಡಿ ಇಲ್ಲ.
ಅಂಗೈ ಚಾಚಿದ. 'ಕೀಲಿ ಬಿಟ್ಟಿದ್ದೆ ಇಲ್ಲಿ, ತಿಂಗಳಾಯ್ತು.'
ಹೆಟ್ಟಿಯ ಬಾಯಿಗೆ ಮಾತು ಬರುವ ಮೊದಲೇ
'ಹೋಗಲಿ ಬಿಡಿ. ಅವಳು ಬೀಗವನ್ನೇ ಬದಲಿಸಿದ್ದಾಳೆ.'

ಆರು ಸೆಕೆಂಡಿನಲ್ಲಿ ಇಷ್ಟೂ ಹಿಡಿಯಿತು.

ಅದನ್ನು ನಾವು ಹಾಕಲಿಲ್ಲ. ಬಿಸಿ ಯಂತ್ರಗಳಿಗೆ ಬೆನ್ನುಕೊಟ್ಟು
ನಾಲ್ವರೂ ನೆಲದ ಮೇಲೆ ಕೂತು ನೋಡಿದೆವು.
ಮುಂದಿನದು ಡೆನ್ಜಿಲ್‌ನದು. ಅವನು ಫೋನು ತೆಗೆಯಲಿಲ್ಲ.
ಓಲೆಕ್ ನಾಲಿಗೆಯಿಂದ ಹಲ್ಲು ಮುಟ್ಟಿಕೊಂಡ.
ಏನಾದರೂ ಹೇಳಬೇಕಲ್ಲ ಎಂದು ನಾನು ಹೇಳಿದೆ,
'ನಮ್ಮ ಭಾಷೆಯಲ್ಲಿ ಕೀಲಿಗೆ ಬೀಗದ ಕೈ ಅನ್ನುತ್ತೇವೆ.
ಬೀಗಕ್ಕೂ ಒಂದು ಕೈ.'
ಹೆಟ್ಟಿ ಹೇಳಿ ನೋಡಿದಳು. ಅವಳ ಬಾಯಲ್ಲಿ
ಬೇಗದ ಕೈ ಆಯಿತು. ತಿದ್ದಲಿಲ್ಲ.

ಮಿಸೆಸ್ ಪೈ ಮಾತ್ರ ನಾನು ಹೋದಾಗಲೆಲ್ಲ
ಜೇಬು ತಡಕಿ ನನ್ನ ಮುಖ ನೋಡುತ್ತಾಳೆ.

ಈ ಪುಟ್ಟ ಚಿತ್ರಗಳ ಚಾಳಿಯೇ ಹಾಗೆ,
ಮುಗಿದಲ್ಲೇ ಮತ್ತೆ ಮೊದಲಾಗುತ್ತವೆ.
ಖಾಲಿ ಡ್ರಮ್ಮು. ಬಾಗಿಲು. ಒದ್ದೆ ತಲೆ.
ಇನ್ನೂ ಏನೂ ಹೇಳಿಲ್ಲ ಅವನು,
ಕೈ ಚಾಚುತ್ತಿದ್ದಾನೆ.