ಇಪ್ಪತ್ತೆರಡು ಪೌಂಡಿನ ಬಿಸಿನೀರು

ಗ್ಯಾಸ್ ಕಂಪನಿಯವರ ಲಕೋಟೆ, ಅದರ ಬೆನ್ನಿಗೆ ನನ್ನ ಲೆಕ್ಕ:
ಜನವರಿಯಲ್ಲಿ ಹನ್ನೊಂದು ಸಲ ಹೋದೆ, ಸಲಕ್ಕೆ ಎರಡು ಪೌಂಡು.
ಫೆಬ್ರುವರಿ ಇಪ್ಪತ್ತೆರಡು ಸಲ, ಬರೀ ಒಂದೊಂದು.
ಮಾರ್ಚಿನಲ್ಲಿ ನಾಲ್ಕೇ ನಾಲ್ಕು, ಐದೂವರೆ ಬಿತ್ತು.
ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತಾರೆ,
ಯಾವ ತಿಂಗಳ ಕಜ್ಜಾಯ ಅಂತ ಹೇಳುವುದಿಲ್ಲ.

ಸೇರಿದ್ದು ಮಂಡಿಗೋಸ್ಕರ. ಸುಳ್ಳಲ್ಲ.
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತ ಮಂಡಿ,
ಮೆಟ್ಟಿಲಿಳಿದರೆ ಒಣಸೌದೆಯ ಹಾಗೆ ಲಟಲಟ.
ಸೈಕಲ್ ತುಳಿಯಿರಿ ಮಿಸೆಸ್ ಗಿಲ್‌ಹೂಲಿ, ಅಂದಳು
ಆಸ್ಪತ್ರೆಯ ಹುಡುಗಿ.
ತುಳಿದೆ.
ಎಲ್ಲಿಗೂ ಹೋಗದ ಸೈಕಲ್ಲಿನ ಮೇಲೆ
ಎರಡು ವಾರ ನಾನೂ ಎಲ್ಲಿಗೂ ಹೋಗಲಿಲ್ಲ.

ತಂಗಿ ರೋನಾ ನಕ್ಕಳು: ಈ ಗ್ರೀನಕ್ಕಿನಲ್ಲಿ
ಏರಿಗೆ ಬರವೇನೇ ನಿನಗೆ?
ಬಾಗಿಲು ತೆಗೆದರೆ ಏರು, ಹಾಲು ತರಲು ಏರು,
ಹೆಣ ಹೊರುವವರೂ ಎರಡು ಕಡೆ ನಿಂತು
ಉಸಿರು ತಗೊಳ್ಳುತ್ತಾರೆ.
ಪುಕ್ಕಟೆ ಬೆಟ್ಟ ಬಿಟ್ಟು ದುಡ್ಡಿನ ಬೆಟ್ಟ ಹತ್ತುತ್ತೀಯಲ್ಲ,
ಹಾಸಿಗೆ ಇದ್ದಷ್ಟು ಕಾಲು ಚಾಚು.
ಅದಕ್ಕೂ ಅಲ್ಲಿ ಕ್ಲಾಸಿದೆ, ಅಂದೆ. ಮಂಗಳವಾರ.
ಹಾಸಿಗೆ ನಾವೇ ಒಯ್ಯಬೇಕು.

ಆಮೇಲೆ ಬಾಯ್ಲರ್ ಸತ್ತಿತು,
ಜನವರಿಯ ಕೊನೆಗೆ, ಒಂದು ಸಲ ಕೆಮ್ಮಿ.
ಪಾರ್ಟು ಬರಬೇಕು, ಅಂದರು ಹೌಸಿಂಗ್ ಕಚೇರಿಯವರು.
ಎಲ್ಲಿಂದಲೋ ಪಾಪ, ನಡೆದುಕೊಂಡೇ ಬರುತ್ತಿತ್ತು.
ಮೂರು ದಿನ ಕೆಟಲಿನ ನೀರಲ್ಲಿ ಮೈ ಒರೆಸಿಕೊಂಡೆ,
ಕತ್ತಿಗೊಂದು, ಕಂಕುಳಿಗೊಂದು, ಉಳಿದದ್ದಕ್ಕೆ ನಾಳೆ.
ನಾಲ್ಕನೇ ದಿನ ಚೀಲದಲ್ಲಿ ಸೋಪು, ಟವೆಲು,
ನೆಪಕ್ಕೆ ಒಂದು ಜೊತೆ ಬೂಟು.

ಗುಂಡಿ ಒತ್ತಿದರೆ ಮೂವತ್ತು ಸೆಕೆಂಡು ನೀರು.
ಮತ್ತೆ ಒತ್ತು.
ಮತ್ತೆ.
ಎಷ್ಟು ಸಲ ಒತ್ತಿದೆ ಅಂತ ಬರೆದುಕೊಳ್ಳಲು
ಗೋಡೆಯ ಮೇಲೆ ಮೀಟರಿಲ್ಲ.
ಬೆನ್ನು ಕೆಂಪಾಗುವ ತನಕ ನಿಂತೆ,
ಬೆರಳ ತುದಿ ನೆನೆಸಿಟ್ಟ ಬಟಾಣಿಯಾಗುವ ತನಕ.
ಅತ್ತಿರಬಹುದು. ಅಲ್ಲಿ ಅದೂ ಗೊತ್ತಾಗುವುದಿಲ್ಲ.

ಹತ್ತೂವರೆಗೆ ಡೋಲಿನಾ ಬರುತ್ತಾಳೆ.
ಟ್ರೆಡ್‌ಮಿಲ್ಲಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.
ತಲೆ ಒಣಗಿಸುವ ಯಂತ್ರದ ಬಾಯಿಗೆ
ಮೊಮ್ಮಗನ ಕಾಲುಚೀಲ ಹಿಡಿಯುತ್ತಾಳೆ, ಒಂದಾದ ಮೇಲೊಂದು.
ಒಳ್ಳೇ ಕಸರತ್ತಾಯಿತು ಇವತ್ತು, ಅನ್ನುತ್ತಾಳೆ.
ಹೂಂ, ಕೈಕಾಲು ಬಿದ್ದೇಹೋದವು, ಅನ್ನುತ್ತೇನೆ.
ಅದರಾಚೆಗೆ ನಾವು ಕೇಳುವುದಿಲ್ಲ.
ಅವಳ ಮನೆಯ ಬಾಯ್ಲರ್ ಬದುಕಿದೆಯೋ ಇಲ್ಲವೋ
ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರ್ಚ್ ಆರಕ್ಕೆ ಪಾರ್ಟು ಬಂತು.
ಅಂಗೈಯಗಲದ್ದು. ಅದಕ್ಕೆ ಐದು ವಾರ.
ಈಗ ನಮ್ಮ ನಲ್ಲಿಯಲ್ಲೂ ಬಿಸಿನೀರು,
ಪಕ್ಕದಲ್ಲಿ ಮೀಟರಿನ ಅಂಕಿ, ಇಳಿಯುವುದೊಂದೇ ಅದಕ್ಕೆ ಗೊತ್ತು.
ನೆತ್ತಿಗೆ ಶಾಂಪೂ ಹಾಕಿ ನಲ್ಲಿ ನಿಲ್ಲಿಸುತ್ತೇನೆ,
ನೊರೆಯ ಕೆಳಗೆ ನಡುಗುತ್ತ ಪೆನ್ನಿಗಳನ್ನೆಣಿಸುತ್ತೇನೆ.

ಫೋನಿಗೆ ಜಿಮ್ಮಿನವರ ಸಂದೇಶ:
ಫೆಬ್ರುವರಿಯಲ್ಲಿ ನಿಮ್ಮ ಭೇಟಿ ಇಪ್ಪತ್ತೆರಡು,
ವ್ಯಾಯಾಮ ಸೊನ್ನೆ.
ಬಿಡಬೇಡಿ ಸೆಂಗಾ, ನಿಮ್ಮಿಂದ ಸಾಧ್ಯ!

ಬಿಡಲೆಂದೇ ಹೋದೆ ಇವತ್ತು, ಲಕೋಟೆ ಸಮೇತ.
ಕೌಂಟರಿನ ಹುಡುಗ ಸ್ಟ್ರೂಅನ್, ನನ್ನ ಕೈಯ
ಕಸ್ಟರ್ಡ್ ತಿಂದು ಬೆಳೆದವನು, ಕೇಳಿದ: ಕಾರಣ?
ಪರದೆಯ ಮೇಲೆ ಸಾಲಾಗಿ ಇದ್ದವು,
ದೂರ, ಆರೋಗ್ಯ, ಊರು ಬಿಡುತ್ತಿದ್ದೇನೆ, ಇತರೆ.
ಮಂಡಿ ನೋಡಿಕೊಂಡೆ. ಅದೂ ಏನೂ ಅನ್ನಲಿಲ್ಲ.
ರದ್ದು ಯಾಕೆ, ಅಂದ, ಫ್ರೀಜ್ ಮಾಡಿಸಿ,
ತಿಂಗಳಿಗೆ ಬರೀ ಐದು ಪೌಂಡು.

ಫ್ರೀಜ್ ಆಗುವುದಕ್ಕೆ ದುಡ್ಡೇ ಮಗಾ?
ಚಳಿಗಾಲವಿಡೀ ಮನೆಯಲ್ಲಿ ಪುಕ್ಕಟೆ ಆಗಿದ್ದೇನೆ!
ಅವನು ನಗಲಿಲ್ಲ.
ಕಿವಿ ಮಾತ್ರ ಕೆಂಪಾಯಿತು. ಮೂರನೇ ಕ್ಲಾಸಿನಲ್ಲೂ ಹಾಗೇ,
ಎರಡನೇ ಸಲ ಬಡಿಸಿ ಅಂತ ಕೇಳುವಾಗ.

ಶುಕ್ರವಾರ ಹೇಳುತ್ತೇನೆ, ಅಂದೆ.
ಮೂವತ್ತನೇ ತಾರೀಖಿನವರೆಗೆ ಹೇಗೂ ಕಟ್ಟಿದೆ.
ಗಡಿಯಾರ ಹತ್ತು ಇಪ್ಪತ್ತೈದು ತೋರಿಸುತ್ತಿತ್ತು.
ಟವೆಲು? ತಂದಿದ್ದೆ.
ಯಾಕೆ ತಂದೆನೋ.