ನನಗೆ ಆಯಿತೇ

ಬುಧವಾರ, ಒಂಬತ್ತೂ ಹತ್ತು. ಹ್ಯಾಲಿಫ್ಯಾಕ್ಸಿನ ನಮ್ಮ ಅಟ್ಟದ ಕೋಣೆ,
ಕಿವಿಗೆ ಹೆಡ್‌ಫೋನು, ಆರಿದ ಚಹಾ.
ದುಭಾಷಿಗೆ ಒಂದೇ ನೇಮ:
'ಅವರು ಹೇಳುತ್ತಾರೆ' ಅನ್ನಬಾರದು. 'ನಾನು' ಅನ್ನಬೇಕು.

ಆ ತುದಿಗೆ ಬ್ರೆಡ್ ಕಾರ್ಖಾನೆಯ ಗುರುಪಾದಪ್ಪ,
ಭುಜಕ್ಕೆ ಆಪರೇಶನ್ ಆಗಿ ಎರಡು ವಾರ.
ಈ ತುದಿಗೆ ಔಷಧಿ ಅಂಗಡಿಯ ಆಲಿಸನ್.

"ಐದ ದಿನಾ ಆತ್ರೀ ಅಕ್ಕಾರ, ಹೊರಕಡಿ ಆಗಿಲ್ಲ."

ಹೊರಕಡೆ.
ಹೊರಗೆ ಆಲಿಕಲ್ಲು, ಸಾಲು ಚಿಮಣಿಗಳು.
ಇಲ್ಲಿ ಅದು ಒಳಗೇ, ಮೆಟ್ಟಿಲ ಕೆಳಗೆ, ಚಿಲಕ ಹಾಕಿಕೊಂಡು.
ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಅಂದೆ:
ನನಗೆ ಐದು ದಿನದಿಂದ ಮಲವಿಸರ್ಜನೆ ಆಗಿಲ್ಲ.
ಕೆಳಗೆ ಗಂಡ ಟೋಸ್ಟ್ ಕಚ್ಚುವುದನ್ನು ನಿಲ್ಲಿಸಿದ್ದು ಕೇಳಿಸಿತು.

ನೋವಿನ ಮಾತ್ರೆ ಯಾವುದು? ಕೋಡೀನ್.
ಹೊಟ್ಟೆ ಕಟ್ಟುವುದು ಅದೇ, ಎಂದಳು ಆಲಿಸನ್.
ಕೊಟ್ಟ ಪುಡಿ ಎಷ್ಟು ತಗೊಂಡಿರಿ?

"ನಿನ್ನೆ ಮುಂಜಾನಿ ಒಂದು. ಸಂಜಿತನಾ ಕಾದ್ನಿ, ಏನೂ ಇಲ್ಲ.
ನಮ್ಮವ್ವ ಹರಳೆಣ್ಣಿ ಕುಡಿಸಿದ್ರ ಮಧ್ಯಾಹ್ನಕ್ಕ ಓಡತಿದ್ವಿ.
ಈಗ ಎಂಟೂ ಪೊಟ್ಣ ಚರಗ್ಯಾಗ ಕಲಿಸಿಟ್ಟೇನ್ರಿ.
ಕುಡೀಲ್ಯಾ?"

ಕುಡಿಯಲಾ, ಎಂದು ಕೇಳಿದೆ ನಾನು.
ಕುಡಿಯಬೇಡಿ, ಎಂದೂ ನಾನೇ.

ವಾಂತಿ? ಇಲ್ಲ. ಹೊಟ್ಟೆ ಕಲ್ಲಿನ ಹಾಗೆ ಬಿಗಿದಿದೆಯೇ? ಇಲ್ಲ.
ರಕ್ತ? ಇಲ್ರೀ.
ಗಾಳಿ ಹೋಗುತ್ತದೆಯೇ?
"ಅದಕ್ಕ ನನ್ನ ಹೇಣ್ತಿ ಸಾಕ್ಷಿ."
ಇದನ್ನೂ ಹೇಳಿದೆ, 'ನನ್ನ ಹೆಂಡತಿ' ಎಂದೇ.
ಆಲಿಸನ್ ನಕ್ಕಳು. ಮತ್ತೆ ನಿಧಾನವಾಗಿ:

ಇದು ದಬ್ಬುವ ಎಣ್ಣೆಯಲ್ಲ. ನೀರನ್ನು ಹಿಡಿದು ಕೂತು
ಗಟ್ಟಿಯಾದದ್ದನ್ನು ಮೆದು ಮಾಡುವ ಪುಡಿ.
ಎರಡು ದಿನ, ಮೂರು ದಿನ ಬೇಕಾದೀತು.
ಪೆಟ್ಟಿಗೆಯ ಮೇಲೆ ಬರೆದಷ್ಟೇ, ಬರೆದಷ್ಟು ನೀರಲ್ಲೇ. ಮೇಲೆ ಇನ್ನಷ್ಟು ನೀರು ಕುಡಿಯಿರಿ.
ಬೇರೆ ಮಾತ್ರೆ ಇದರ ಬೆನ್ನಿಗೇ ಬೇಡ.
ವಾಂತಿ, ತಡೆಯದ ನೋವು, ರಕ್ತ, ಗಾಳಿಯೂ ನಿಂತರೆ
ಪುಡಿ ಅಲ್ಲೇ ಬಿಟ್ಟು ಕೂಡಲೇ ಡಾಕ್ಟರಿಗೆ.
ಕೋಡೀನ್ ಇನ್ನೂ ಬೇಕೇ ಎಂದು ಇವತ್ತೇ ಅವರನ್ನು ಕೇಳಿ.

ಆ ಕಡೆ ಸಿಂಕಿನಲ್ಲಿ ನೀರು ಬಿದ್ದ ಸದ್ದು.
"ಚೆಲ್ಲಿದೆ ನೋಡ್ರಿ, ಅಕ್ಕಾರ."
ಯಾವ ಅಕ್ಕನಿಗೆ ಹೇಳಿದ್ದೋ. ಕರೆ ಕಡಿಯಿತು.

ನಮಗೆ ಯಾವ ಕತೆಯ ಕೊನೆಯೂ ಗೊತ್ತಾಗುವುದಿಲ್ಲ.
ಹತ್ತೂವರೆಗೆ ನಾನು ಹಲ್ಲು ಕೀಳಿಸಿಕೊಂಡೆ,
ಮಧ್ಯಾಹ್ನ ಬಾಡಿಗೆ ಕಟ್ಟಲಾರದೆ ಅತ್ತೆ.

ಶನಿವಾರ ಹಿತ್ತಲಲ್ಲಿ ಒದ್ದೆ ಬಟ್ಟೆ ಹರವುತ್ತಾ
ತಟ್ಟನೆ ನಿಂತೆ, ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡು:
ಮೂರು ದಿನ ಆಯಿತಲ್ಲ,
ನನಗೆ ಆಯಿತೇ?