ದಣಿವಿಗೆ ಹನ್ನೆರಡು ರೂಪಾಯಿ

ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಿಂದ
ಟಂಟಂ ಏರಿ, ಕೌದಿ ಹೊದ್ದು,
ಜ್ವರದ ಕೂಸಿನ ಹಾಗೆ ನನ್ನ ಅಂಗಡಿಗೆ ಬಂತು
ಎಲಿಯಾಜರ್ ಮುದಕವಿಯವರ ಆಂಪ್ಲಿಫೈಯರು.
ಹಿಂದೆಯೇ ಅವರು. ಎಪ್ಪತ್ತೊಂಬತ್ತು ವಯಸ್ಸು.
ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು,
ಶನಿವಾರ ರಾತ್ರಿ ಇನ್‌ಸ್ಟಿಟ್ಯೂಟಿನ ಹಾಲಿನಲ್ಲಿ ಗಿಟಾರು.
“ಒಳಗ ಮಿಂಚಿತು ತಂಗಿ. ಆಮ್ಯಾಲೆ ಫ್ಯೂಜ್ ಹೋತು.”

ಹಿಂಬದಿಯ ಹಲಗೆ ಬಿಚ್ಚಿದೆ.
ಧೂಳು, ಒಂದು ಸತ್ತ ಜಿರಲೆ,
ಗಡಗಡ ನಿಲ್ಲಲೆಂದು ಎಂದೋ ಸಿಗಿಸಿದ ಸಿಗರೇಟು ಪಾಕೀಟು.
ರೆಕ್ಟಿಫೈಯರ್ ವಾಲ್ವಿನ ನೆತ್ತಿಯ ಬೆಳ್ಳಿ
ಸುಣ್ಣವಾಗಿತ್ತು. ಒಳಗೆ ಗಾಳಿ ಹೊಕ್ಕಿದೆ,
ಇನ್ನು ಏಳುವುದಲ್ಲ.

ಅದರ ಕೆಲಸ ಸಣ್ಣದು.
ಗೋಡೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ
ಹೋಗಿ ಬರ್ತೀನಿ, ಹೋಗಿ ಬರ್ತೀನಿ ಅನ್ನುತ್ತದೆ
ನಮ್ಮ ಬೀಗರ ಹಾಗೆ, ಹೊಸ್ತಿಲು ಬಿಡದೆ.
ಬರೀ ಹೋಗು ಎನ್ನುವ ಬಾಯಿ
ಯಾರ ಮನೆಯಲ್ಲೂ ಇರುವುದಿಲ್ಲ.
ಐವತ್ತು ವರ್ಷ ಈ ಗಾಜು ಅಂದಿತು,
ಕೆಂಪಗೆ ಕಾದು, ತುಸು ಸಂಕೋಚದಿಂದ.

ಮುಂಬಯಿಗೆ ಫೋನು ಮಾಡಿದೆ. ಏಳು ಸಾವಿರ,
ಅದೂ ಬಂದರೆ ಬಂತು.
ಡ್ರಾವರಿನಲ್ಲಿ ಡಯೋಡು ಬಿದ್ದಿದ್ದವು, ಎರಡು ರೂಪಾಯಿಗೊಂದು,
ಹೆಸರುಕಾಳಿಗಿಂತ ತುಸು ಉದ್ದ, ಕೊರಳಿಗೆ ಬೆಳ್ಳಿಗೆರೆ.
ಗೆರೆ ಇದ್ದತ್ತ ದಾರಿ. ಕಾಯುವುದು ಗೊತ್ತಿಲ್ಲ ಅದಕ್ಕೆ,
ಸಂಕೋಚ ಮೊದಲೇ ಇಲ್ಲ.
ಪಕ್ಕಕ್ಕೆರಡರಂತೆ ನಾಲ್ಕು ಬೆಸೆದೆ.
ಹಳೇ ಕೆಪಾಸಿಟರು ಈ ಭಾರ ತಾಳವೆಂದು ಅವನ್ನೂ ಬದಲಿಸಿದೆ.
ಮುನ್ನೂರ ನಲವತ್ತಕ್ಕೆ ನಿಲ್ಲುತ್ತಿದ್ದ ಮುಳ್ಳು
ಮುನ್ನೂರ ಎಂಬತ್ತೈದಕ್ಕೆ ಹೋಗಿ ನಿಂತಿತು.
ವಾಲ್ವಿಗೆ ಕಾವು ಕೊಡುತ್ತಿದ್ದ ಎರಡು ಹಳದಿ ತಂತಿ
ಕೆಲಸವಿಲ್ಲದೆ ಉಳಿದವು, ಐದು ವೋಲ್ಟು ಇಟ್ಟುಕೊಂಡು.
ತುದಿಗೆ ಟೇಪು ಸುತ್ತಿ ಮೂಲೆಗೆ ಮಲಗಿಸಿದೆ.

ಅವರು ಒಂದು ಮೀಟಿದರು. ನಿಲ್ಲಿಸಿದರು.
“ಇದೇನ ತಂಗಿ, ನಾ ಕೇಳೂಕಿಂತ ಮೊದಲ ಉತ್ತರಾ ಕೊಡ್ತದ!”

ಗೊತ್ತಿತ್ತು ನನಗೆ. ಹಳೆಯದು
ಜೋರಾಗಿ ಮೀಟಿದರೆ ಕುಗ್ಗುತ್ತಿತ್ತು,
ಅಮರಗೋಳದ ಮಾರ್ಕೆಟ್ಟಿನಲ್ಲಿ ಕಡಲೆ ಚೀಲ
ಬೆನ್ನಿಗೆ ಬಿದ್ದಾಗಿನ ಹಮಾಲನ ಮಂಡಿಯ ಹಾಗೆ;
ಆಮೇಲೆ ನೆಟ್ಟಗಾಗುತ್ತಿತ್ತು,
ಆ ಏಳುವುದರಲ್ಲಿಯೇ ಸ್ವರ ಅರಳುತ್ತಿದ್ದುದು.

ಅದಕ್ಕೂ ಮದ್ದುಂಟು. ನೂರು ಓಮಿನ, ಹತ್ತು ವಾಟಿನ
ಬಿಳಿ ಸಿಮೆಂಟಿನ ರೆಸಿಸ್ಟರು, ಹನ್ನೆರಡು ರೂಪಾಯಿ.
ದಾರಿಗೆ ಅಡ್ಡ ಕೂರಿಸಿದರೆ
ದಣಿವು ಮರಳಿ ಬರುತ್ತದೆ, ಲೆಕ್ಕ ಹಾಕಿದಷ್ಟೇ.
ಕೂರಿಸಿದೆ. ಮೀಟಿದರು. ಕುಗ್ಗಿತು, ಎದ್ದಿತು.
ಅದೇ ದನಿ! ಚಹಾ ತರಿಸಿದೆ, ಅಷ್ಟು ಖುಷಿ.

ಚಹಾ ಆರಿತು. ಅವರು ಎಡಗೈ ಬಿಡಿಸಿ
ಗೆಣ್ಣು ಬಾತ ಬೆರಳುಗಳನ್ನು
ಬೇರೆ ಯಾರದೋ ಸಾಮಾನೆಂಬಂತೆ ನೋಡಿದರು.
“ತಗದುಬಿಡು.”
“ಯಾಕ್ರೀ? ಮೊದಲಿನಂಗ ಬಂತಲ್ಲ?”
“ಬಂತು. ಅವಾಗ ನನ್ನ ಕೈ ಓಡತಿತ್ತು,
ಅದು ತಡಾ ಮಾಡತಿತ್ತು. ಜೋಡಿ ಚೊಲೊ ಇತ್ತು.
ಈಗ ಕೈಯೂ ತಡಾ, ಅದೂ ತಡಾ ಅಂದ್ರ
ಹಾಡು ಮನಿ ಮುಟ್ಟೂದು ಯಾವಾಗ?”

ತೆಗೆದೆ. ರೆಸಿಸ್ಟರು ಇನ್ನೂ ಬಿಸಿಯಿತ್ತು, ಬೆರಳು ಸುಟ್ಟಿತು.
ಬಿಲ್ಲಿನಲ್ಲಿ ಹನ್ನೆರಡು ರೂಪಾಯಿ ಹೊಡೆದುಹಾಕಿದೆ.
ಸತ್ತ ವಾಲ್ವನ್ನು ಅವರು ಅಂಗಿ ಜೇಬಿಗೆ ಇಳಿಸಿದರು,
ಚಷ್ಮಾದ ಪಕ್ಕ.

ಟಂಟಂನವನು ಹಾರ್ನು ಒತ್ತುತ್ತಲೇ ಇದ್ದ.
“ಇನ್ನೊಂದ ಸಲ ಹಚ್ಚು” ಅಂದರು. ಹಚ್ಚಿದೆ.
ಉಳಿದ ಮೂರು ವಾಲ್ವು ಇನ್ನೂ ಗಾಜಿನವೇ,
ಇಪ್ಪತ್ತು ಎಣಿಸುವಷ್ಟು ಕಾಯಲೇಬೇಕು.
ಅವರು ತಂತಿಯ ಮೇಲೆ ಬೆರಳಿಟ್ಟು ಕೂತರು.
ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.
ಹದಿನೇಳಕ್ಕೆ ಲೆಕ್ಕ ತಪ್ಪಿತು.